ಮನೆಯಲ್ಲೇ ಬ್ರೆಡ್: ಗಡಿಯಾರ ಬಿಡಿ, ಹಿಟ್ಟು ನೋಡಿ

ಅಂಗಡಿಯಿಂದ ತಂದ ಬ್ರೌನ್ ಬ್ರೆಡ್ ಪ್ಯಾಕೆಟ್ ಮನೆಯಲ್ಲಿದ್ದರೆ ಒಮ್ಮೆ ಹಿಂದೆ ತಿರುಗಿಸಿ ಓದಿ. ಯಾವ ಪದಾರ್ಥ ಹೆಚ್ಚಿದೆಯೋ ಅದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲು ಕಾಣುವುದು ಮೈದಾ. ಕಂದು ಬಣ್ಣ ಕೊಟ್ಟಿರುವುದು 150 ಎಂಬ ಸಂಖ್ಯೆಯಲ್ಲಿ ಅಡಗಿರುವ ಕ್ಯಾರಮೆಲ್. 282 ಎಂದಿದ್ದರೆ ಅದು ಬೂಷ್ಟು ಹಿಡಿಯದಂತೆ ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಇವೆರಡಕ್ಕೂ ಕಾನೂನಿನ ಅನುಮತಿಯಿದೆ, ಗಾಬರಿ ಬೇಕಿಲ್ಲ. (ಹಿಟ್ಟು ಗಟ್ಟಿಯಾಗಿ ನಿಲ್ಲಲೆಂದು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್‌ಗೆ ಮಾತ್ರ 2016ರಲ್ಲಿ ನಿಷೇಧ ಬಿತ್ತು.) ಆದರೆ ಗೋಧಿ ಬ್ರೆಡ್ ಬೇಕೆಂದು ದುಡ್ಡು ಕೊಟ್ಟವರಿಗೆ ಗೋಧಿಯೇ ಸಿಗದಿದ್ದರೆ ಹೇಗೆ? ಮನೆಯಲ್ಲಿ ಬ್ರೆಡ್ ಮಾಡಲು ನನ್ನ ಮಟ್ಟಿಗೆ ಇಷ್ಟು ಕಾರಣ ಸಾಕು. ಹಣ ಉಳಿಯುತ್ತದೆಂಬ ಆಸೆ ಬೇಡ. ಒಂದು ಬ್ರೆಡ್ಡಿಗೆ ಓಟಿಜಿ ಸುಮಾರು ಒಂದು ಯೂನಿಟ್ ವಿದ್ಯುತ್ ಕುಡಿಯುತ್ತದೆ. ಎರಡು ಟಿನ್ ಒಟ್ಟಿಗೆ ಇಟ್ಟರೆ ಲೆಕ್ಕ ಸ್ವಲ್ಪ ಸರಿಹೋಗುತ್ತದೆ.

ಎಂಟು ಇಂಚು ಉದ್ದದ ಒಂದು ಟಿನ್ನಿಗೆ ಬೇಕಾದ್ದು: ಮೈದಾ 250 ಗ್ರಾಂ, ಗೋಧಿ ಹಿಟ್ಟು 150 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 8 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಎಣ್ಣೆ ಎರಡು ದೊಡ್ಡ ಚಮಚ, ನೀರು 270 ಮಿ.ಲೀ. ಲೋಟದ ಅಳತೆ ಬಿಟ್ಟು ತೂಕ ಹಾಕಿ. ಉಪ್ಪನ್ನು ಕಡಿಮೆ ಮಾಡಬೇಡಿ. ರುಚಿಗಷ್ಟೇ ಅಲ್ಲ, ಯೀಸ್ಟಿನ ಓಟಕ್ಕೆ ಕಡಿವಾಣ ಹಾಕುವುದೂ ಅದೇ. ಪೂರ್ತಿ ಗೋಧಿಯಲ್ಲೇ ಮಾಡುವ ಉತ್ಸಾಹವನ್ನು ಮೊದಲ ಸಲಕ್ಕೆ ತಡೆದುಕೊಳ್ಳಿ. ಕೈ ಪಳಗಿದ ಮೇಲೆ ಮೈದಾ ಇಳಿಸುತ್ತಾ ಹೋಗಬಹುದು.

ಇನ್‌ಸ್ಟಂಟ್ ಯೀಸ್ಟ್ ನೇರವಾಗಿ ಹಿಟ್ಟಿಗೇ ಸೇರುತ್ತದೆ. ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಯೀಸ್ಟ್ ಆದರೆ ಉಗುರು ಬೆಚ್ಚಗಿನ ನೀರಿನಲ್ಲಿ ಸಕ್ಕರೆಯೊಂದಿಗೆ ಹತ್ತು ನಿಮಿಷ ನೆನೆಸಿ. ನೊರೆ ಬರಲಿಲ್ಲವೆಂದರೆ ಯೀಸ್ಟ್ ಸತ್ತಿದೆ, ಚೆಲ್ಲಿಬಿಡಿ. ನೀರು ಕೈಗೆ ಸುಡುವಷ್ಟು ಬಿಸಿಯಾಗಿದ್ದರೆ ಒಳ್ಳೆಯ ಯೀಸ್ಟೂ ಸಾಯುತ್ತದೆ.

ಎಣ್ಣೆ ಬಿಟ್ಟು ಮಿಕ್ಕೆಲ್ಲವನ್ನೂ ಕಲಸಿ, ಮುಚ್ಚಿ, ಇಪ್ಪತ್ತು ನಿಮಿಷ ಬಿಡಿ. ಗೋಧಿಯ ತವುಡು ನಿಧಾನವಾಗಿ ನೀರು ಹೀರುವುದರಿಂದ ಈ ಬಿಡುವು ಮುಖ್ಯ. ಆಮೇಲೆ ಎಣ್ಣೆ ಹಾಕಿ ನಾದಲು ಶುರುಮಾಡಿ. ಇಲ್ಲೇ ಹೆಚ್ಚಿನವರು ಸೋಲುವುದು: ಹಿಟ್ಟು ಕೈಗೆ ಅಂಟುತ್ತದೆ, ಚಪಾತಿ ಹಿಟ್ಟಿನ ಹದ ರೂಢಿಯಾದ ಕೈ ತಾನಾಗಿಯೇ ಇನ್ನೊಂದು ಹಿಡಿ ಹಿಟ್ಟು ಉದುರಿಸುತ್ತದೆ, ಬ್ರೆಡ್ ಕಲ್ಲಾಗುತ್ತದೆ. ಉದುರಿಸಬೇಡಿ. ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ. ಐದು ನಿಮಿಷ ದಾಟುವಷ್ಟರಲ್ಲಿ ಅಂಟು ಕಡಿಮೆಯಾಗಿ ಮೇಲ್ಮೈ ನುಣುಪಾಗತೊಡಗುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಹದ ಬರುತ್ತದೆ. ಪರೀಕ್ಷೆ ಹೀಗೆ: ನಿಂಬೆ ಗಾತ್ರದ ಉಂಡೆ ಕಿತ್ತು ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ ಅಗಲಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹರಿಯುವ ಮೊದಲು ಬೆಳಕು ಮಸುಕಾಗಿ ತೂರಿ ಬಂದರೆ ಸಾಕು. ಗೋಧಿ ಇರುವುದರಿಂದ ಬರೀ ಮೈದಾದಷ್ಟು ತೆಳುವಾಗುವುದಿಲ್ಲ, ತವುಡಿನ ಚೂರುಗಳು ಎಳೆಗಳನ್ನು ಕತ್ತರಿಸುತ್ತವೆ.

ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಮುಚ್ಚಿ. ಎಷ್ಟು ಹೊತ್ತು? ಇಡ್ಲಿ ಹಿಟ್ಟು ರುಬ್ಬಿಡುವವರಿಗೆ ಉತ್ತರ ಗೊತ್ತೇ ಇದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆಗೇ ಇಮ್ಮಡಿಯಾಗುವ ಹಿಟ್ಟು ಮಡಿಕೇರಿಯ ಡಿಸೆಂಬರ್‌ನಲ್ಲಿ ಎರಡು ಗಂಟೆಗೂ ಅಲುಗದೆ ಕೂರಬಹುದು. ಪುಸ್ತಕದಲ್ಲಿ 'ಒಂದು ಗಂಟೆ' ಎಂದಿರುವುದನ್ನು ನಂಬಬೇಡಿ. ಹಿಟ್ಟು ಹಚ್ಚಿದ ಬೆರಳನ್ನು ಚುಚ್ಚಿ ತೆಗೆಯಿರಿ: ಗುಳಿ ಹಾಗೇ ನಿಂತರೆ ಆಯಿತು, ತಕ್ಷಣ ಮುಚ್ಚಿಕೊಂಡರೆ ಇನ್ನೂ ಕಾಯಬೇಕು.

ಗಾಳಿ ಇಳಿಸಿ, ಟಿನ್ನಿನ ಉದ್ದಕ್ಕೆ ಸರಿಯಾಗಿ ಆಯತಾಕಾರಕ್ಕೆ ತಟ್ಟಿ, ಚಾಪೆಯಂತೆ ಬಿಗಿಯಾಗಿ ಸುತ್ತಿ. ಅಂಚನ್ನು ಚಿವುಟಿ ಮುಚ್ಚಿ, ಆ ಬದಿ ಕೆಳಗಾಗುವಂತೆ ಎಣ್ಣೆ ಸವರಿದ ಟಿನ್ನಿನಲ್ಲಿಡಿ. ಸಡಿಲವಾಗಿ ಸುತ್ತಿದರೆ ಹೋಳಿನ ನಡುವೆ ತೂತು ಬೀಳುತ್ತದೆ. ಟಿನ್ನಿನ ಅಂಚಿನಿಂದ ಒಂದು ಬೆರಳಷ್ಟು ಮೇಲೆದ್ದಾಗ ಹಾಲು ಸವರಿ ಒಲೆಗೆ.

ಓಟಿಜಿಯನ್ನು ಮೊದಲೇ ಹದಿನೈದು ನಿಮಿಷ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರಬೇಕು. ಎರಡೂ ರಾಡ್ ಹಾಕಿ, ಕೆಳಗಿನ ಹಂತದಲ್ಲಿಟ್ಟು, 35 ನಿಮಿಷ ಬೇಯಿಸಿ. ಸಣ್ಣ ಓಟಿಜಿಗಳಲ್ಲಿ ಮೇಲಿನ ರಾಡ್ ಹತ್ತಿರವಿರುವುದರಿಂದ ಬೇಗ ಕೆಂಪಾಗುತ್ತದೆ. ಆಗ ಫಾಯಿಲ್ ಹೊದಿಸಿ. ಟಿನ್ನಿನಿಂದ ತೆಗೆದು ತಳಕ್ಕೆ ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು.

ಓಟಿಜಿ ಇಲ್ಲದವರು ಪ್ರೆಷರ್ ಕುಕ್ಕರನ್ನು ಒಣಗಾಗಿ ಕಾಯಿಸುವ ಗೋಜಿಗೆ ಹೋಗದಿರುವುದು ಒಳ್ಳೆಯದು, ಕುಕ್ಕರ್ ಕೆಡುತ್ತದೆ. ಅದೇ ಹಿಟ್ಟನ್ನು ಸಣ್ಣ ಬನ್ ಮಾಡಿ, ದಪ್ಪ ತಳದ ಬಾಣಲೆಯಲ್ಲಿ ಸ್ಟ್ಯಾಂಡ್ ಮೇಲೆ ತಟ್ಟೆಯಿಟ್ಟು, ಬಿಗಿಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಮೇಲ್ಭಾಗ ಬಿಳಿಚಿಕೊಂಡಿರುತ್ತದೆ. ಕಾದ ಕಾವಲಿಯ ಮೇಲೆ ಬೆಣ್ಣೆ ಹಾಕಿ ಮಗುಚಿದರೆ ಆ ಕೊರತೆಯೂ ನೀಗುತ್ತದೆ.

ಬಿಸಿಯಲ್ಲೇ ಕತ್ತರಿಸಲು ಮಕ್ಕಳು ಪೀಡಿಸುತ್ತಾರೆ. ಒಂದು ಗಂಟೆ ಜಾಲರಿಯ ಮೇಲೆ ಆರಲು ಬಿಡದಿದ್ದರೆ ಒಳಗೆ ಮುದ್ದೆ ಮುದ್ದೆಯಾಗಿರುತ್ತದೆ. ಪಿಷ್ಟ ಗಟ್ಟಿಯಾಗುವುದೇ ಆರುವಾಗ. ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ ಇನ್ನೂ ಬೇಗ ಒರಟಾಗುತ್ತದೆ. ಎರಡು ದಿನಕ್ಕಾಗುವಷ್ಟನ್ನು ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರ್‌ಗೆ ಹಾಕಿ. ಅಲ್ಲಿಂದ ನೇರ ಕಾವಲಿಗೆ. ಒಣಗಿದ ಹೋಳುಗಳಿದ್ದರೆ 120 ಡಿಗ್ರಿಯಲ್ಲಿ ಗರಿಯಾಗುವವರೆಗೆ ಇಡಿ, ಸಂಜೆಯ ಕಾಫಿಗೆ ರಸ್ಕ್ ಆಗುತ್ತದೆ.