ಫಿನಾಯಿಲ್ ಘಮಲಿಗೆ ಮರುಳಾಗಬೇಡಿ: ಸಣ್ಣ ಆಸ್ಪತ್ರೆಗಳ ಸ್ವಚ್ಛತೆಗೆ ಕ್ರಮ ಮುಖ್ಯ

ಬಾಗಿಲು ದಾಟುತ್ತಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಆಸ್ಪತ್ರೆ ಚೊಕ್ಕಟವಾಗಿದೆ ಎಂದು ನಂಬುವವರೇ ನಮ್ಮಲ್ಲಿ ಹೆಚ್ಚು. ನರ್ಸಿಂಗ್ ಹೋಮ್ ನಡೆಸುವವರೂ ಇದಕ್ಕೆ ಹೊರತಲ್ಲ. ಒಂದೇ ಬಕೆಟ್ ನೀರು ಹಿಡಿದು ಶೌಚಾಲಯದಿಂದ ವಾರ್ಡಿನವರೆಗೆ ಒರೆಸಿಕೊಂಡು ಬಂದರೆ, ಎಷ್ಟು ಫಿನಾಯಿಲ್ ಸುರಿದರೂ ಆಗುವುದು ಕೊಳೆಯ ಹಂಚಿಕೆಯೇ. ಕೇಂದ್ರ ಸರ್ಕಾರದ ‘ಕಾಯಕಲ್ಪ’ ಯೋಜನೆ 2015ರಿಂದ ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಕೊಡುತ್ತಿದೆ. ಖಾಸಗಿ ಕ್ಲಿನಿಕ್ಕುಗಳೂ ಅಂಥದ್ದೇ ಶಿಸ್ತನ್ನು ದುಬಾರಿ ಯಂತ್ರಗಳಿಲ್ಲದೆ ರೂಢಿಸಿಕೊಳ್ಳಬಹುದು.

ಮೊದಲು ಬಣ್ಣ ನಿಗದಿ ಮಾಡಿ. ಶೌಚಾಲಯದ ಬಟ್ಟೆ, ಮಾಪ್, ಬಕೆಟ್ ಮೂರಕ್ಕೂ ಕೆಂಪು ಎಂಬುದು ಬಹುತೇಕ ಕಡೆ ಚಾಲ್ತಿಯಲ್ಲಿದೆ. ವಾರ್ಡು, ಅಡುಗೆಮನೆ, ಕಚೇರಿಗೆ ಉಳಿದ ಬಣ್ಣಗಳನ್ನು ನೀವೇ ಹಂಚಿ, ಪಟ್ಟಿಯನ್ನು ಚಿತ್ರ ಸಮೇತ ಗೋಡೆಗೆ ಅಂಟಿಸಿ. ಬೆಂಗಳೂರಿನಂಥ ಕಡೆ ಕನ್ನಡ ಓದಲು ಬಾರದ ಹೊರರಾಜ್ಯದ ಕೆಲಸಗಾರರೂ ಇರುತ್ತಾರೆ. ಆಪರೇಷನ್ ಥಿಯೇಟರಿನ ಸಾಮಾನು ಅಲ್ಲಿಂದ ಹೊರಗೆ ಬರಲೇಕೂಡದು.

ಕೆಲಸದ ದಿಕ್ಕು ಮೇಲಿನಿಂದ ಕೆಳಕ್ಕೆ, ಶುಭ್ರ ಜಾಗದಿಂದ ಕೊಳೆ ಜಾಗಕ್ಕೆ. ಶೌಚಾಲಯ ಕೊನೆಗೆ. ವಾರ್ಡಿನಲ್ಲಿ ಒಣ ಪೊರಕೆ ಆಡಿಸಿದರೆ ಧೂಳು ಎದ್ದು ರೋಗಿಯ ಮೇಲೇ ಕೂರುತ್ತದೆ. ಒದ್ದೆ ಮಾಪಿನಿಂದಲೇ ಎತ್ತಿ. ಒರೆಸುವ ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮೈ ಸಿಗುತ್ತವೆ. ಒಂದು ಮೈ ಕೊಳೆಯಾದರೆ ಇನ್ನೊಂದಕ್ಕೆ ತಿರುಗಿಸಿ. ಒಂದೇ ಬಟ್ಟೆಯಲ್ಲಿ ನಾಲ್ಕು ಮಂಚ ಒರೆಸಿ ಮುಗಿಸುವ ಅಭ್ಯಾಸ ಇನ್ನು ಸಾಕು.

ನೆಲಕ್ಕೆ ಮೂರು ಬಕೆಟ್ ಇಡಿ: ಸೋಪಿನ ನೀರು, ಬರೀ ನೀರು, ಕ್ರಿಮಿನಾಶಕ. ಸೋಪಿನ ನೀರಿನಲ್ಲಿ ಒರೆಸಿದ ಮಾಪನ್ನು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿಯೇ ಮತ್ತೆ ಸೋಪಿಗೆ ಅದ್ದಬೇಕು. ನೆಲ ಶುದ್ಧವಾದ ಮೇಲೆ ಬೇರೆ ಮಾಪಿನಿಂದ ಕ್ರಿಮಿನಾಶಕ. ಈ ಕ್ರಮ ತಪ್ಪಿಸಿದರೆ ಕೊಟ್ಟ ದುಡ್ಡು ದಂಡ, ಏಕೆಂದರೆ ಕೊಳೆಯ ಮೇಲೆ ಬಿದ್ದ ಕ್ಲೋರಿನ್ ಕೊಳೆಯೊಂದಿಗೇ ಸೆಣಸಿ ಸತ್ತುಹೋಗುತ್ತದೆ. ಜಾಲಿಸುವ ನೀರು ಕಂದು ತಿರುಗಿದ ಕೂಡಲೇ ಚೆಲ್ಲಿ.

ಹೆಚ್ಚು ಎಡವಟ್ಟಾಗುವುದು ಕ್ರಿಮಿನಾಶಕ ಬೆರೆಸುವಾಗ. ಅಂಗಡಿಯಲ್ಲಿ ಸಿಗುವ ಹೈಪೊಕ್ಲೋರೈಟ್ ದ್ರಾವಣ ಶೇ 5ರದ್ದಾದರೆ, ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿದಾಗ ಶೇ 1 ಆಗುತ್ತದೆ. ಒಂಬತ್ತು ಪಾಲು ಸೇರಿಸಿದರೆ ಶೇ 0.5. ಕಣ್ಣಂದಾಜು ಬೇಡ, ಅಳತೆಯ ಲೋಟವೊಂದನ್ನು ಅದಕ್ಕೆಂದೇ ಇಡಿ. ದಿನಕ್ಕೆ ಬೇಕಾದಷ್ಟನ್ನೇ ಬೆರೆಸಿ, ಬಿಸಿಲಿನಿಂದ ದೂರವಿಡಿ. ನಿನ್ನೆಯ ದ್ರಾವಣಕ್ಕೆ ಇಂದು ಅದೇ ಬಲ ಇರುವುದಿಲ್ಲ. ಲೋಹಕ್ಕೆ ಇದರಿಂದ ತುಕ್ಕು ಹಿಡಿಯುವುದರಿಂದ, ಕ್ರಿಮಿನಾಶಕ ಕೆಲಸ ಮಾಡುವಷ್ಟು ಸಮಯ ಕಳೆದ ಮೇಲೆ ಅಂಥ ಜಾಗವನ್ನು ನೀರಿನಲ್ಲಿ ಮತ್ತೊಮ್ಮೆ ಒರೆಸಿ.

ರಕ್ತ ಚೆಲ್ಲಿದ್ದರೆ ಗ್ಲೌಸ್ ಹಾಕಿಕೊಂಡು, ಹೀರುವ ಬಟ್ಟೆಯನ್ನೋ ಕಾಗದವನ್ನೋ ಮುಚ್ಚಿ, ಮೇಲೆ ಶೇ 1ರ ದ್ರಾವಣ ಸುರಿದು ಕನಿಷ್ಠ 10 ನಿಮಿಷ ಕಾಯಿರಿ. ಸುರಿದು ತಕ್ಷಣ ಒರೆಸಿದರೆ ಕೆಂಪು ಹೋಗುತ್ತದೆ, ಸೋಂಕು ಹೋಗುವುದಿಲ್ಲ. ಆ ಬಟ್ಟೆ ವೈದ್ಯಕೀಯ ತ್ಯಾಜ್ಯದ ಹಳದಿ ಚೀಲಕ್ಕೆ.

ಬ್ಲೀಚಿಂಗ್ ಪೌಡರ್ ಅಥವಾ ಹೈಪೊಕ್ಲೋರೈಟ್ ಜೊತೆ ಟಾಯ್ಲೆಟ್ ಆಸಿಡ್ ಎಂದಿಗೂ ಬೆರೆಯಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಅದು ಪ್ರಾಣಕ್ಕೇ ಸಂಚಕಾರ. ‘ಎರಡೂ ಹಾಕಿದರೆ ಇನ್ನೂ ಬೆಳ್ಳಗಾಗುತ್ತೆ’ ಎಂಬ ಮಾತನ್ನು ಕೇಳಿದಲ್ಲೇ ತಡೆಯಿರಿ. ಹಳೆಯ ಕೂಲ್‌ಡ್ರಿಂಕ್ ಬಾಟಲಿಗೆ ಆಸಿಡ್ ತುಂಬಿಡುವುದನ್ನೂ.

ಇನ್ನು ತಪಾಸಣೆ. ಶೌಚಾಲಯದ ಬಾಗಿಲ ಹಿಂದಿನ ಚಾರ್ಟಿನಲ್ಲಿ ಇಡೀ ದಿನದ ಸಹಿ ಸಂಜೆ ಒಂದೇ ಪೆನ್ನಿನಲ್ಲಿ ಬೀಳುವುದು ಗುಟ್ಟೇನಲ್ಲ. ಅದರ ಬದಲು ಮಂಚದ ಕಂಬಿ, ಸ್ವಿಚ್, ನಲ್ಲಿ, ಬಾಗಿಲ ಹಿಡಿ, ಡ್ರಿಪ್ ಸ್ಟ್ಯಾಂಡಿನ ಮೇಲೆ ಯುವಿ ಬೆಳಕಿಗೆ ಮಾತ್ರ ಕಾಣುವ ಜೆಲ್ ಚುಕ್ಕಿ ಇಟ್ಟು, ಕೆಲಸ ಮುಗಿದ ಮೇಲೆ ಯುವಿ ಟಾರ್ಚ್ ಬಿಡಿ. ಚುಕ್ಕಿ ಉಳಿದಿದ್ದರೆ ಅಲ್ಲಿಗೆ ಕೈ ಹೋಗಿಲ್ಲ. ಇದನ್ನು ಬೈಯಲು ಬಳಸಬೇಡಿ, ಕಲಿಸಲು ಬಳಸಿ.

ಕೊನೆಯದಾಗಿ, ಕೆಲಸ ಮಾಡುವವರ ಮಾತು. ಮೊಣಕೈವರೆಗಿನ ದಪ್ಪ ಗ್ಲೌಸ್, ಗಮ್ ಬೂಟ್, ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್, ಕೈತೊಳೆಯಲು ಸೋಪು, ಬಟ್ಟೆ ಬದಲಿಸಲು ಒಂದು ಕೋಣೆ: ಇಷ್ಟನ್ನು ಒದಗಿಸದೆ ಶಿಸ್ತು ಕೇಳುವುದು ನ್ಯಾಯವಲ್ಲ. ಇಬ್ಬರು ಮಾಡುವ ಪಾಳಿಯನ್ನು ಒಬ್ಬರಿಗೆ ಹೊರಿಸಿದರೆ ಮೇಲಿನ ಒಂದು ಹೆಜ್ಜೆಯೂ ನಡೆಯುವುದಿಲ್ಲ. ಆದ್ದರಿಂದ ಹೌಸ್‌ಕೀಪಿಂಗ್ ಗುತ್ತಿಗೆ ಕೊಡುವಾಗ ಎಲ್ಲರಿಗಿಂತ ಕಡಿಮೆ ಬರೆದವರಿಗೆ ಸಹಿ ಹಾಕುವ ಮುನ್ನ, ಆ ಮೊತ್ತದಲ್ಲಿ ಎಷ್ಟು ಜನರ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಸೇರಿದೆ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.