ಅಂಗವಿಕಲರ ಮಾಸಾಶನ: ಅರ್ಜಿ ನಿಂತಾಗ ಸಿಗುವ ಕಾನೂನು ನೆರವು

ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನವನ್ನು ಮಂಜೂರು ಮಾಡುವುದು ಕಂದಾಯ ಇಲಾಖೆ. ಅದಕ್ಕೆ ಆಧಾರವಾದ ಅಂಗವಿಕಲತೆಯ ಪ್ರಮಾಣಪತ್ರವನ್ನು ಕೊಡುವುದು ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರ. ಹಣ ಬಂದು ಸೇರುವುದು ಬ್ಯಾಂಕ್ ಅಥವಾ ಅಂಚೆ ಖಾತೆಗೆ. ಈ ಮೂರರಲ್ಲಿ ಎಲ್ಲಿ ತೊಡಕಾದರೂ ಜನ ಹೇಳುವುದು ಒಂದೇ ಮಾತು: ‘ಪೆನ್ಷನ್ ಆಗಲಿಲ್ಲ.’ ಕಾನೂನಿನ ದೃಷ್ಟಿಯಲ್ಲಿ ಇವು ಮೂರು ಬೇರೆ ಬೇರೆ ತಕರಾರುಗಳು. ಪರಿಹಾರ ಕೇಳಬೇಕಾದ ಬಾಗಿಲೂ ಬೇರೆ ಬೇರೆ. ತಹಶೀಲ್ದಾರರ ಕಚೇರಿಗೆ ವರ್ಷಗಟ್ಟಲೆ ಅಲೆದವರ ಪೈಕಿ ಎಷ್ಟೋ ಮಂದಿಯ ಸಮಸ್ಯೆ ಇರುವುದು ಆಸ್ಪತ್ರೆಯ ಕಾಗದದಲ್ಲಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರ ಅನುಸೂಚಿಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ಅಂಗವಿಕಲತೆ ಇರಬೇಕು. ರಾಜ್ಯದ ಮಾಸಾಶನದಲ್ಲಿ ಶೇ. 75 ಮತ್ತೊಂದು ಗೆರೆ; ಅದನ್ನು ದಾಟಿದವರಿಗೆ ಮೊತ್ತ ಹೆಚ್ಚು. ಕೇಂದ್ರ ಸರ್ಕಾರದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗೆ ಶೇ. 80 ಬೇಕು, ಜತೆಗೆ ಬಡತನ ರೇಖೆಗಿಂತ ಕೆಳಗಿನ ಕುಟುಂಬವೂ ಆಗಿರಬೇಕು. ಹಾಗಾಗಿ ಪ್ರಮಾಣಪತ್ರದಲ್ಲಿ ಬರೆದ ಶೇಕಡಾವಾರು ಅಂಕಿಯೇ ಮುಂದಿನದೆಲ್ಲಕ್ಕೂ ಬುನಾದಿ.

ಈ ಅಂಕಿಯನ್ನು ಪ್ರಶ್ನಿಸಲು ಅವಕಾಶವಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಪ್ರಮಾಣಪತ್ರಕ್ಕೂ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅರ್ಜಿದಾರರು ಅರ್ಹರಲ್ಲ ಎಂದು ವೈದ್ಯಕೀಯ ಪ್ರಾಧಿಕಾರ ತೀರ್ಮಾನಿಸಿದರೆ ಕಾರಣವನ್ನು ನಿಗದಿತ ನಮೂನೆಯಲ್ಲಿ ಲಿಖಿತವಾಗಿ ಕೊಡಬೇಕೆಂದು 2017ರ ನಿಯಮಗಳು ಹೇಳುತ್ತವೆ. ಕಾಯ್ದೆಯ 59ನೇ ಕಲಮಿನ ಪ್ರಕಾರ, ಪ್ರಮಾಣೀಕರಿಸಿದ ಪ್ರಾಧಿಕಾರದ ನಿರ್ಧಾರ ಒಪ್ಪಿಗೆಯಾಗದವರು ರಾಜ್ಯ ಸರ್ಕಾರ ಗೊತ್ತುಮಾಡಿದ ಮೇಲ್ಮನವಿ ಪ್ರಾಧಿಕಾರಕ್ಕೆ ನಿಗದಿತ ಅವಧಿಯೊಳಗೆ ಮನವಿ ಸಲ್ಲಿಸಬಹುದು. ಹಳೆಯ ಚಿಕಿತ್ಸೆಯ ಚೀಟಿ, ಶಸ್ತ್ರಚಿಕಿತ್ಸೆಯ ದಾಖಲೆ, ಶ್ರವಣ ಅಥವಾ ದೃಷ್ಟಿ ಪರೀಕ್ಷೆಯ ವರದಿ, ಇವೆಲ್ಲ ಅಲ್ಲಿ ಸಾಕ್ಷ್ಯ. ತಪ್ಪು ಪ್ರಮಾಣಪತ್ರವನ್ನು ಸರಿಪಡಿಸಿಕೊಳ್ಳದೆ ಅದನ್ನೇ ಹಿಡಿದು ಮಾಸಾಶನಕ್ಕೆ ಹೋರಾಡುವುದು ವ್ಯರ್ಥ. ಹಣ ಕೊಟ್ಟರೆ ಶೇಕಡಾ ಏರಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳಿಂದಂತೂ ದೂರವಿರಬೇಕು: ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದವರಿಗೆ, ಪಡೆಯಲು ಯತ್ನಿಸಿದವರಿಗೂ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ 91ನೇ ಕಲಮು ವಿಧಿಸುತ್ತದೆ.

ಪ್ರಮಾಣಪತ್ರ ಸರಿಯಿದ್ದರೆ ಮುಂದಿನ ಹೆಜ್ಜೆ ನಾಡಕಚೇರಿ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗಬೇಕಾದವರು. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಪತ್ರ ಮತ್ತು ಸಕಾಲ ಸಂಖ್ಯೆಯನ್ನು ಕೇಳಿ ಪಡೆಯಬೇಕು. 2011ರ ಸಕಾಲ ಕಾಯ್ದೆಯಡಿ ಅಧಿಸೂಚಿತ ಸೇವೆಗಳಿಗೆ ಗಡುವು ಇದೆ. ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಮೊದಲು ಸಕ್ಷಮ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಆ ಮೊತ್ತ ದೊಡ್ಡದಲ್ಲ, ಆದರೆ ವಿಳಂಬಕ್ಕೆ ಒಬ್ಬ ಅಧಿಕಾರಿ ಹೊಣೆಗಾರನಾಗುತ್ತಾನೆ. ‘ನಿಮ್ಮದು ಬರಲ್ಲ ಹೋಗಿ’ ಎಂಬ ಬಾಯಿಮಾತಿನ ಮೇಲೆ ಮೇಲ್ಮನವಿ ಹೂಡುವುದು ಕಷ್ಟ. ತಿರಸ್ಕಾರ ಕಾಗದದ ಮೇಲೆ ಬರಬೇಕು. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ಪ್ರತಿ ಕೇಳಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಬರುತ್ತಿದ್ದ ಮಾಸಾಶನ ತಟ್ಟನೆ ನಿಂತಾಗ ಮೊದಲು ನೋಡಬೇಕಾದದ್ದು ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಹೆಸರಿನ ಅಕ್ಷರಗಳು ಹೊಂದುತ್ತವೆಯೇ ಎಂಬುದನ್ನು. ಖಾತೆ ಸರಿಯಿದ್ದರೆ ರದ್ದತಿಯ ಆದೇಶ ಇದೆಯೇ ಎಂದು ಕೇಳಬೇಕು. ನೋಟಿಸ್ ಕೊಡದೆ, ವಿವರಣೆ ಕೇಳದೆ ಮಂಜೂರಾದ ಮಾಸಾಶನವನ್ನು ರದ್ದು ಮಾಡುವುದು ಸಹಜ ನ್ಯಾಯಕ್ಕೆ ವಿರುದ್ಧ. ವಕೀಲರ ವಾದಕ್ಕೆ ಗಟ್ಟಿ ನೆಲೆ ಸಿಗುವುದು ಇಲ್ಲಿಯೇ.

ಇಂಥ ಯಾವುದೇ ಹಂತದಲ್ಲಿ ಉಚಿತ ವಕೀಲರ ನೆರವು ಪಡೆಯುವುದು ಅಂಗವಿಕಲ ವ್ಯಕ್ತಿಯ ಹಕ್ಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಅವರನ್ನು ಪ್ರತ್ಯೇಕ ವರ್ಗವಾಗಿ ಹೆಸರಿಸಿದೆ. ಈ ವರ್ಗಕ್ಕೆ ಆದಾಯದ ಮಿತಿಯಿಲ್ಲ. ಮಾಸಾಶನಕ್ಕೆ ಆದಾಯ ಪ್ರಮಾಣಪತ್ರ ಬೇಕು, ಕಾನೂನು ನೆರವಿಗೆ ಬೇಡ. ಎರಡನ್ನೂ ಬೆರೆಸಿ ಅರ್ಜಿದಾರರನ್ನು ವಾಪಸ್ ಕಳಿಸುವುದು ಸಲ್ಲದು. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಸಾಕು. ಕಾನೂನು ಸೇವೆ ಎಂದರೆ ಕೋರ್ಟಿನಲ್ಲಿ ವಾದಿಸುವುದು ಮಾತ್ರವಲ್ಲ. ನ್ಯಾಯಮಂಡಳಿ ಅಥವಾ ಇತರ ಪ್ರಾಧಿಕಾರದ ಮುಂದಿನ ಪ್ರಕರಣ ನಡೆಸುವುದೂ ಕಾನೂನು ಸಲಹೆ ನೀಡುವುದೂ ಕಾಯ್ದೆಯ ವ್ಯಾಖ್ಯೆಯಲ್ಲೇ ಸೇರಿವೆ. ಆದ್ದರಿಂದ ಕೇಸು ಕೋರ್ಟಿಗೆ ಹೋಗಲಿ, ಆಮೇಲೆ ನೋಡೋಣ ಎಂದು ಕಾಯುವ ಅಗತ್ಯವಿಲ್ಲ. ಮೇಲ್ಮನವಿಯ ಕರಡು ಬರೆಸುವಾಗಲೇ ವಕೀಲರನ್ನು ಕೇಳುವುದು ಜಾಣತನ, ಏಕೆಂದರೆ ಅಲ್ಲಿ ಬಿಟ್ಟುಹೋದ ದಾಖಲೆಯನ್ನು ಮುಂದೆ ತುಂಬಿಕೊಳ್ಳುವುದು ಕಷ್ಟ.

ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲಿ ಕಾನೂನು ಸೇವೆಗಳ ಸಮಿತಿ ಹಾಗೂ ಪ್ರಾಧಿಕಾರದ ಕಚೇರಿಗಳಿವೆ. ಹೈಕೋರ್ಟಿಗೆ ಪ್ರತ್ಯೇಕ ಸಮಿತಿ ಇದೆ. ಅಂಗವಿಕಲತೆಯ ಪ್ರಮಾಣಪತ್ರ, ಆಧಾರ್, ತಿರಸ್ಕಾರದ ಆದೇಶ ಅಥವಾ ಸಕಾಲ ಸ್ವೀಕೃತಿಯ ಪ್ರತಿಯೊಂದಿಗೆ ಅರ್ಜಿ ಕೊಡಬಹುದು. ಬರೆಯಲಾಗದವರ ಹೇಳಿಕೆಯನ್ನು ಅರೆಕಾನೂನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ. ನೇಮಕವಾದ ವಕೀಲರು ಕಕ್ಷಿದಾರರಿಂದ ಶುಲ್ಕ ಪಡೆಯುವಂತಿಲ್ಲ. ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ದೂರು ನೀಡಬಹುದು. ಪ್ರಾಧಿಕಾರದ ಸೇವೆಗಳು ಅಂಗವಿಕಲರಿಗೆ ಎಟುಕುವಂತೆ ಸೂಕ್ತ ಹೊಂದಾಣಿಕೆ ಮಾಡಬೇಕೆಂದು 2016ರ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಸನ್ನೆ ಭಾಷೆಯ ದುಭಾಷಿಯನ್ನು ಕೇಳುವುದು ಉಪಕಾರ ಬೇಡಿದಂತಲ್ಲ.

ಇಲಾಖೆಯೇ 2016ರ ಕಾಯ್ದೆಯನ್ನು ಕಡೆಗಣಿಸಿದರೆ ಆ ಕಾಯ್ದೆಯಡಿ ನೇಮಕವಾದ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಬಳಿಗೆ ವಕೀಲರಿಲ್ಲದೆಯೂ ಹೋಗಬಹುದು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಆದರೂ ಶಿಫಾರಸು ತೀರ್ಪಲ್ಲ. ಈ ಮಾರ್ಗದ ದೌರ್ಬಲ್ಯವೂ ಅದೇ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಸಂವಿಧಾನದ 226ನೇ ವಿಧಿಯಡಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ ಸಲ್ಲಿಸಬಹುದು.

ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 15100.