ಕಿಮೋಗೆ ಮೊದಲೇ ಈ ಮಾತು ಕೇಳಿ

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಹೆಣ್ಣುಮಗಳಿಗೆ ಸ್ತನದ ಗಂಟು ಕ್ಯಾನ್ಸರ್ ಎಂದು ಗೊತ್ತಾದರೆ, ಮನೆಯವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ‘ಮೊದಲು ಜೀವ ಉಳೀಲಿ, ಮಕ್ಕಳ ಮಾತು ಆಮೇಲೆ’ ಅಂತಾರೆ ಹಿರಿಯರು. ಜೀವವೇ ಮೊದಲು, ನಿಜ. ಆದರೆ ಆ ಮಾತನ್ನು ಆಮೇಲೆ ಎತ್ತಿದರೆ ತಡವಾಗಿರಬಹುದು. ಸೈಕ್ಲೋಫಾಸ್ಫಮೈಡ್‌ನಂಥ ಕಿಮೋ ಔಷಧ ಅಂಡಾಶಯದ ಅಂಡಾಣುಗಳನ್ನೇ ನಾಶಮಾಡುತ್ತದೆ. ವಯಸ್ಸು ಹೆಚ್ಚಿದಷ್ಟೂ ಪೆಟ್ಟು ಜೋರು.

ಅದಕ್ಕೇ ಮೊದಲ ಕಿಮೋಗೆ ಮುಂಚೆ ಕೇಳಿ: ‘ಡಾಕ್ಟ್ರೇ, ಅಂಡಾಣು ತೆಗೆದಿಡಬಹುದಾ?’ ಸುಮಾರು 2 ವಾರದ ಕೆಲಸ. ದಿನಾ ಹಾರ್ಮೋನ್ ಇಂಜೆಕ್ಷನ್, ನಡುವೆ ಸ್ಕ್ಯಾನಿಂಗ್, ಕೊನೆಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡಾಣು ಹೊರತೆಗೆದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಮುಟ್ಟಿನ ದಿನಕ್ಕಾಗಿ ಕಾಯಬೇಕಿಲ್ಲ. ಈಸ್ಟ್ರೋಜನ್ ಏರದಂತೆ ಲೆಟ್ರೊಜೋಲ್ ಮಾತ್ರೆ ಕೊಡುವುದುಂಟು. ಮದುವೆಯಾಗಿಲ್ಲ ಎಂಬ ಸಂಕೋಚ ಬೇಡ. ನೆರವಿನ ಸಂತಾನೋತ್ಪತ್ತಿ ಕುರಿತ 2021ರ ಕಾಯ್ದೆ 21 ವರ್ಷ ದಾಟಿದ ಅವಿವಾಹಿತೆಗೂ ಅವಕಾಶ ಕೊಟ್ಟಿದೆ. ಖರ್ಚು ಮಾತ್ರ ಸಣ್ಣದಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಕಿಮೋ ವೇಳೆ ಅಂಡಾಶಯಕ್ಕೆ ವಿಶ್ರಾಂತಿ ಕೊಡುವ ತಿಂಗಳ ಇಂಜೆಕ್ಷನ್ ಇದೆ. ಅದೊಂದನ್ನೇ ನಂಬಿ ಕೂರುವುದು ಜಾಣತನವಲ್ಲ.

‘ಬಸುರಾದರೆ ಕಾಯಿಲೆ ಮರುಕಳಿಸುತ್ತೆ’ ಎಂಬ ಹೆದರಿಕೆ ಊರಲ್ಲಿದೆ. 2023ರಲ್ಲಿ ಪ್ರಕಟವಾದ ‘ಪಾಸಿಟಿವ್’ ಅಧ್ಯಯನದಲ್ಲಿ, 18ರಿಂದ 30 ತಿಂಗಳು ಹಾರ್ಮೋನ್ ಚಿಕಿತ್ಸೆ ಪಡೆದು ಮಗುವಿಗಾಗಿ ಬಿಡುವು ಕೊಟ್ಟವರಲ್ಲಿ ಮೊದಲ ಕೆಲವು ವರ್ಷ ಕಾಯಿಲೆ ಮರುಕಳಿಸಿದ್ದು ಹೆಚ್ಚಲಿಲ್ಲ. ಹಾಗಂತ ಟ್ಯಾಮೊಕ್ಸಿಫೆನ್‌ನಂಥ ಹಾರ್ಮೋನ್ ಚಿಕಿತ್ಸೆಯ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ ತಾಯಿ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.